ಗೆಲ್ಲಿಸಿ ವಿಮಾನ ಹತ್ತಿದವರಿಗೆ ಹೊಣೆ ಇಲ್ಲವೇ? ಬೊಲಿವಿಯಾ 2002ರ ಡಾಕ್ಯುಮೆಂಟರಿ ನೋಡಿದವರು ಬನ್ನಿ

ನಿಧಾನಿ:
ರೇಚಲ್ ಬಾಯ್ಂಟನ್ ಮಾಡಿದ 'ಅವರ್ ಬ್ರ್ಯಾಂಡ್ ಈಸ್ ಕ್ರೈಸಿಸ್' (2005) ಯಾರಾದರೂ ನೋಡಿದ್ದೀರಾ? ನಟರಿರುವ ಸಿನಿಮಾ ಅಲ್ಲ, ಡಾಕ್ಯುಮೆಂಟರಿ.

ನೋಡದವರಿಗೆ ಕಥೆ ಇಷ್ಟು. 2002ರಲ್ಲಿ ಬೊಲಿವಿಯಾದಲ್ಲಿ ಅಧ್ಯಕ್ಷ ಚುನಾವಣೆ. ಗೊನ್ಸಾಲೊ ಸಾಂಚೆಸ್ ದೆ ಲೊಸಾದಾ ಮತ್ತೆ ಕಣಕ್ಕಿಳಿಯುತ್ತಾರೆ. ಅಲ್ಲಿನವರ ಬಾಯಲ್ಲಿ ಬರೀ 'ಗೋನಿ'. 1993ರಿಂದ 97ರವರೆಗೆ ಒಮ್ಮೆ ಅಧ್ಯಕ್ಷರಾಗಿದ್ದವರು, ಗಣಿ ಉದ್ಯಮಿ, ಅಮೆರಿಕದಲ್ಲಿ ಬೆಳೆದವರು. ಸ್ಪ್ಯಾನಿಷ್ ಮಾತಾಡಿದರೂ ಅಮೆರಿಕದ ರಾಗ ಹೋಗುವುದಿಲ್ಲ. ಸರ್ಕಾರಿ ಕಂಪನಿಗಳನ್ನು ವಿದೇಶಿಯರ ಕೈಗೆ ಕೊಟ್ಟರು ಅಂತ ಜನಕ್ಕೆ ಅವರನ್ನು ಕಂಡರೆ ಆಗದು. ಆಗ ಅವರು ವಾಷಿಂಗ್ಟನ್ನಿನಿಂದ ಗ್ರೀನ್‌ಬರ್ಗ್, ಕಾರ್ವಿಲ್, ಶ್ರಮ್ ಎಂಬ ಮೂವರ ಚುನಾವಣಾ ಸಲಹೆಯ (ಕನ್ಸಲ್ಟಂಟ್) ಕಂಪನಿಯನ್ನು ಕರೆಸಿಕೊಳ್ಳುತ್ತಾರೆ. 1992ರಲ್ಲಿ ಬಿಲ್ ಕ್ಲಿಂಟನ್ ಗೆಲುವಿನ ಹಿಂದಿದ್ದ ಜೇಮ್ಸ್ ಕಾರ್ವಿಲ್ ಇವರೇ.

ಕಂಪನಿಯ ಜನ ಆಚೆಯವರಿಗೆ ಕಾಣದ ಗಾಜಿನ ಹಿಂದೆ ಕೂತು ಸಾಮಾನ್ಯ ಮತದಾರರ ಮಾತು ಕೇಳುತ್ತಾರೆ. ದೇಶ ಬಿಕ್ಕಟ್ಟಿನಲ್ಲಿದೆ ಎಂಬ ಭಯ ಎಲ್ಲರಲ್ಲೂ ಇದೆ. ಸರಿ, ಆ ಭಯವನ್ನೇ ಹಿಡಿದುಕೊಳ್ಳೋಣ, ಇಂಥ ಹೊತ್ತಿನಲ್ಲಿ ಅನುಭವಸ್ಥರೇ ಬೇಕು ಅನ್ನೋಣ, ಸಮೀಕ್ಷೆಗಳಲ್ಲಿ ಮುಂದಿರುವ ಎದುರಾಳಿ ಮ್ಯಾನ್‌ಫ್ರೆಡ್ ರೆಯೆಸ್ ವಿಲ್ಯಾ ಮೇಲೆ ಕೆಸರು ಹಾಕೋಣ ಅಂತ ತೀರ್ಮಾನ ಆಗುತ್ತದೆ. ಗೋನಿ ಗೆಲ್ಲುತ್ತಾರೆ, 22.46 ಶೇಕಡಾ ಮತದಲ್ಲಿ. ಅಧಿಕಾರ ಹಿಡಿದ 14 ತಿಂಗಳಿಗೆ ಬೀದಿಯಲ್ಲಿ ಹೆಣಗಳು ಬಿದ್ದು, ರಾಜೀನಾಮೆ ಕೊಟ್ಟು ಅಮೆರಿಕಕ್ಕೆ ಓಡುತ್ತಾರೆ.

ಈ ಕಂಪನಿಯವರು ಸಿನಿಮಾದ ವಿಲನ್‌ಗಳ ಥರ ಇಲ್ಲ. ತಂಡದ ಮುಂಚೂಣಿಯಲ್ಲಿರುವ ಜೆರೆಮಿ ರೋಸ್ನರ್ ತಾನು ಪ್ರಜಾಪ್ರಭುತ್ವಕ್ಕೆ ಒಳ್ಳೆಯದನ್ನೇ ಮಾಡುತ್ತಿದ್ದೇನೆ ಅಂತ ಮನಸಾರೆ ನಂಬಿದ್ದಾರೆ. ಅದಕ್ಕೇ ನನಗೆ ಹೆಚ್ಚು ಹಿಂಸೆಯಾಯಿತು. ನನ್ನ ಪ್ರಶ್ನೆ ಒಂದೇ. ಆಮೇಲೆ ಆದದ್ದಕ್ಕೆ ಇವರು ಹೊಣೆಯೋ ಅಲ್ಲವೋ?

ಸಿನಿಮಾ ಸಂತೆ:
ನೋಡಿದೀನಿ. ಸ್ಯಾಂಡ್ರಾ ಬುಲಕ್ ಇದ್ದಾರಲ್ಲ? ಕೊನೆಗೆ ಆಕೆ ಪಶ್ಚಾತ್ತಾಪ ಪಟ್ಟು ಜನರ ಜೊತೆ ಬೀದಿಗೆ ಇಳೀತಾಳೆ.

ನಿಧಾನಿ:
ಅದು ಬೇರೆ, 2015ರದ್ದು. ಹೆಸರು ಒಂದೇ. ಡೇವಿಡ್ ಗೋರ್ಡನ್ ಗ್ರೀನ್ ನಿರ್ದೇಶನ, ಜಾರ್ಜ್ ಕ್ಲೂನಿ ನಿರ್ಮಾಪಕರಲ್ಲಿ ಒಬ್ಬರು. ಡಾಕ್ಯುಮೆಂಟರಿಯಿಂದ ಎಳೆ ತೆಗೆದುಕೊಂಡು ಹೆಣೆದ ಕಟ್ಟುಕಥೆ ಅದು.

ಸಿನಿಮಾ ಸಂತೆ:
ಹಾಗಾದ್ರೆ ಅದರ ಬಗ್ಗೆನೂ ಹೇಳ್ತೀನಿ ಕೇಳಿ. ಆ ಪಾತ್ರ ಮೊದಲು ಗಂಡಸಿಗೆ ಬರೆದಿದ್ದು, ಕ್ಲೂನಿನೇ ಮಾಡಬೇಕಿತ್ತು. ಬುಲಕ್ ಕೇಳಿ ತಗೊಂಡ್ರು. ಬಿಲ್ಲಿ ಬಾಬ್ ಥಾರ್ನ್‌ಟನ್ ಎದುರಾಳಿ ಕನ್ಸಲ್ಟಂಟ್. ಇಬ್ಬರ ಜಗಳ ಮಜಾ ಇದೆ, ಆದ್ರೆ ಬೊಲಿವಿಯಾ ಜನ ಹಿಂದೆ ನಿಂತ ಪರದೆ ಆಗಿಬಿಟ್ಟಿದ್ದಾರೆ. ಥಿಯೇಟರಲ್ಲಿ ಓಡಲೂ ಇಲ್ಲ. ಕೊನೆಯ ಪಶ್ಚಾತ್ತಾಪ ನನಗೆ ಸ್ವಲ್ಪವೂ ಹಿಡಿಸಲಿಲ್ಲ. ಅಮೆರಿಕದವಳ ಆತ್ಮ ಉದ್ಧಾರ ಆಗಲಿ ಅಂತ ಇನ್ನೊಂದು ದೇಶ ಹೊತ್ತಿ ಉರಿಯಬೇಕಾ?

ಧಾರವಾಡ ಪೇಡೆ:
ಅಲ್ರಿ ನಿಧಾನಿಯವರ, ಇದರಾಗ ಕನ್ಸಲ್ಟಂಟ್ ತಪ್ಪು ಏನೈತಿ? ವಕೀಲ ಇದ್ದಂಗ ಅವ. ಕಕ್ಷಿದಾರ ಬಂದ, ಫೀ ಕೊಟ್ಟ, ಕೇಸ್ ಗೆದ್ದು ಕೊಟ್ಟ. ಆಮ್ಯಾಲೆ ಕಕ್ಷಿದಾರ ಮನೀಗೆ ಹೋಗಿ ಏನ್ ಮಾಡ್ತಾನ ಅನ್ನೂದು ವಕೀಲನ ತಲಿನೋವಾ? ಗುಂಡು ಹಾರಿಸಿದ್ದು ಮಿಲಿಟರಿ, ಹುಕುಂ ಕೊಟ್ಟಿದ್ದು ಸರ್ಕಾರ.

ಕುಡ್ಲದ ಪೊಣ್ಣು:
ಎಂತ ಹೇಳ್ತೀರಿ ಮಾರಾಯ್ರೆ! ವಕೀಲನ ಎದುರು ಇನ್ನೊಬ್ಬ ವಕೀಲ ಉಂಟು, ಮೇಲೆ ಜಡ್ಜ್ ಉಂಟು, ಸಾಕ್ಷಿಗೆ ಸುಳ್ಳು ಹೇಳಿಕೊಟ್ಟರೆ ಶಿಕ್ಷೆ ಉಂಟು. ಇಲ್ಲಿ ಎಂತ ಉಂಟು? ಗೆದ್ದರೆ ಮುಂದಿನ ದೇಶಕ್ಕೆ ಹೋಗಿ ಅದನ್ನೇ ಹೇಳಿಕೊಂಡು ಹೊಸ ಗಿರಾಕಿ ಹಿಡಿಯುವುದು. ಸೋತರೆ ಕ್ಯಾಂಡಿಡೇಟ್ ಸರಿ ಇರಲಿಲ್ಲ ಹೇಳುವುದು.

ಧಾರವಾಡ ಪೇಡೆ:
ಆದ್ರ ಮತ ಹಾಕಿದವ್ರು ಬೊಲಿವಿಯಾದವ್ರ ಅಲ್ಲೇನ್ರಿ ಅಕ್ಕಾರ? ಅವರಿಗೇನು ಬುದ್ಧಿ ಇರಲಿಲ್ಲ ಅಂತೀರೇನು? ಜನ ಅಂದ್ರ ಕುರಿ ಅಂತ ತಿಳ್ಕೊಳ್ಳೂದು ನನಗ ಸೇರೂದಿಲ್ಲ.

ಮಲೆನಾಡ ಮೇಷ್ಟ್ರು:
ಇಲ್ಲಿ ಒಂದು ವಿಷಯ ಬಿಟ್ಟುಹೋಗುತ್ತಿದೆ, ಅದು ಗೊತ್ತಿಲ್ಲದೆ ಈ ಚರ್ಚೆ ಮುಂದಕ್ಕೆ ಹೋಗುವುದಿಲ್ಲ.

ಬೊಲಿವಿಯಾದ ಜನ ಗೋನಿಯನ್ನು ಆರಿಸಿದರು ಎಂಬ ಮಾತೇ ಅರ್ಧ ಸತ್ಯ. ಆಗಿನ ಸಂವಿಧಾನದ ಪ್ರಕಾರ ಯಾರಿಗೂ ಅರ್ಧಕ್ಕಿಂತ ಹೆಚ್ಚು ಮತ ಬರದಿದ್ದರೆ ಮೊದಲ ಇಬ್ಬರಲ್ಲಿ ಒಬ್ಬರನ್ನು ಅಲ್ಲಿನ ಸಂಸತ್ತು ಆರಿಸುತ್ತಿತ್ತು. 2002ರ ಜೂನ್ 30ರಂದು ಗೋನಿಗೆ ಬಂದದ್ದು 22.46 ಶೇಕಡಾ. ಎರಡನೆಯವರು ಕೋಕಾ (ಕೊಕೇನ್ ತಯಾರಿಕೆಗೂ ಬಳಸುವ ಎಲೆ) ಬೆಳೆಗಾರರ ಮುಖಂಡ ಈವೊ ಮೊರಾಲೆಸ್, 20.94. ಮೂರನೆಯವರು ಮ್ಯಾನ್‌ಫ್ರೆಡ್, 20.91. ಎರಡನೆಯವರಿಗೂ ಮೂರನೆಯವರಿಗೂ ಇಡೀ ದೇಶದಲ್ಲಿ ಸುಮಾರು 700 ಮತದ ವ್ಯತ್ಯಾಸ! ನಮ್ಮಲ್ಲಿ ಒಂದು ವಾರ್ಡಿನ ಚುನಾವಣೆಗೂ ಇದು ದೊಡ್ಡ ಅಂತರವೇನಲ್ಲ.

ಆಮೇಲೆ ಇನ್ನೊಬ್ಬ ಮಾಜಿ ಅಧ್ಯಕ್ಷ ಹೈಮೆ ಪಾಸ್ ಸಮೋರಾ ಅವರ ಪಕ್ಷ ಗೋನಿಯ ಕೈ ಹಿಡಿಯಿತು, ಸಂಸತ್ತು ಗೋನಿಯನ್ನು ಆರಿಸಿತು, ಆಗಸ್ಟ್ 6ಕ್ಕೆ ಪ್ರಮಾಣವಚನ. ನೂರರಲ್ಲಿ 77 ಜನ ಬೇಡ ಎಂದ ಮನುಷ್ಯ ಅಧ್ಯಕ್ಷ. ಕನ್ಸಲ್ಟಂಟರಿಗೆ ಈ ಲೆಕ್ಕ ಚೆನ್ನಾಗಿ ಗೊತ್ತಿತ್ತು. ಅವರಿಗೆ ಬೇಕಾದದ್ದು ಮೊದಲ ಸ್ಥಾನವೇ ಹೊರತು ಜನರ ಒಪ್ಪಿಗೆ ಅಲ್ಲ. ಅದಕ್ಕೆ ತಕ್ಕ ಪ್ರಚಾರವನ್ನೇ ಮಾಡಿದರು. ಎದುರಾಳಿಯನ್ನು ಎಳೆದು ಕೆಡವಿದರೆ ಸಾಕಿತ್ತು, ತಮ್ಮ ಅಭ್ಯರ್ಥಿಯನ್ನು ಮೇಲೆತ್ತುವ ಅಗತ್ಯವೇ ಇರಲಿಲ್ಲ.

ತುಂಗಾತೀರ:
ಮೇಷ್ಟ್ರೇ, ಇದು ಸರಿಯಾದ ಮಾತು. ಕೆಡವಿದ ಮತ ಎಲ್ಲಿಗೆ ಹೋಯ್ತು ಅನ್ನೋದೂ ಮುಖ್ಯ ಅಲ್ವಾ? ಗೋನಿಗೆ ಬರಲಿಲ್ಲ. ಮ್ಯಾನ್‌ಫ್ರೆಡ್ ಬಿಟ್ಟವರಲ್ಲಿ ಬಹಳ ಜನ ಈವೊ ಕಡೆ ಹೋದರು ಅಂತ ನನ್ನ ಅಂದಾಜು. ಅಂದ್ರೆ ಈವೊ ಮೊರಾಲೆಸ್‌ನನ್ನು ರಾಷ್ಟ್ರಮಟ್ಟಕ್ಕೆ ತಂದವರಲ್ಲಿ ಈ ಅಮೆರಿಕದ ಕಂಪನಿಯೂ ಸೇರುತ್ತೆ.

ಬಳ್ಳಾರಿ ಬಿಸಿಲು:
ಮೊರಾಲೆಸ್ ಏರಿದ್ದಕ್ಕೆ ಅಮೆರಿಕದ ರಾಯಭಾರಿ ಕಾರಣ ಅಂತ ಓದಿದ್ದೆ. ಚುನಾವಣೆಗೆ ನಾಕೈದು ದಿನ ಇರುವಾಗ ಆತ ಭಾಷಣ ಮಾಡಿ ಈವೊಗೆ ಮತ ಹಾಕಿದ್ರೆ ಅಮೆರಿಕದ ನೆರವು ನಿಲ್ಲಬಹುದು ಅಂತ ಬೆದರಿಸಿದ. ಜನ ಸಿಟ್ಟಿಗೆದ್ದು ಈವೊಗೇ ಹಾಕಿದ್ರು.

ಜರ್ಸಿ ಕನ್ನಡಿಗ:
ಆ ರಾಯಭಾರಿ ಮ್ಯಾನುಯೆಲ್ ರೋಚಾ. ಆ ಮನುಷ್ಯನ ಮುಂದಿನ ಕಥೆ ಗೊತ್ತಾ ನಿಮಗೆ? 2023ರ ಡಿಸೆಂಬರ್‌ನಲ್ಲಿ ಎಫ್‌ಬಿಐ ಹಿಡಿಯಿತು. ದಶಕಗಳಿಂದ ಕ್ಯೂಬಾದ ಗೂಢಚಾರ! 2024ರಲ್ಲಿ ತಪ್ಪೊಪ್ಪಿಕೊಂಡು 15 ವರ್ಷ ಶಿಕ್ಷೆ ಆಯಿತು. ಅಂದರೆ ಬೊಲಿವಿಯಾದಲ್ಲಿ ಅಮೆರಿಕದ ಪರ ಗುಡುಗಿದಾತ ಆ ಹೊತ್ತಿನಲ್ಲೇ ಹವಾನಾಕ್ಕೂ ಕೆಲಸ ಮಾಡುತ್ತಿದ್ದ.

ಕುಡ್ಲದ ಪೊಣ್ಣು:
ದೇವರೇ! ಹಾಗಾದರೆ ಬೇಕೆಂದೇ ಹಾಗೆ ಮಾತಾಡಿದ್ದಾ?

ಜರ್ಸಿ ಕನ್ನಡಿಗ:
ಹಾಗಂತ ಇಲ್ಲಿ ಅಮೆರಿಕದಲ್ಲಿ ಬಹಳ ಜನ ಬರೆದರು. ಅದು ಊಹೆ ಅಷ್ಟೇ. ಕೋಕಾ ವಿಷಯದಲ್ಲಿ ಆಗಿನ ಅಮೆರಿಕ ಸರ್ಕಾರದ ನಿಲುವೂ ಹಾಗೇ ಒರಟಾಗಿತ್ತು, ಬೇರೆ ರಾಯಭಾರಿ ಇದ್ದಿದ್ದರೂ ಹೆಚ್ಚುಕಡಿಮೆ ಅದೇ ಮಾತು ಆಡುತ್ತಿದ್ದರೋ ಏನೋ. ಆದರೆ ಡಾಕ್ಯುಮೆಂಟರಿ ತೆಗೆದ ಕಾಲಕ್ಕೆ ಯಾರ ಕನಸಲ್ಲೂ ಇದು ಇರಲಿಲ್ಲ. ಈಗ ನೋಡುವವರು ಇದನ್ನು ತಿಳಿದುಕೊಂಡೇ ನೋಡಬೇಕು.

ಸಿನಿಮಾ ಸಂತೆ:
ಇದನ್ನ ಸ್ಕ್ರಿಪ್ಟ್‌ನಲ್ಲಿ ಬರೆದಿದ್ರೆ ನಂಬೋ ಹಾಗಿಲ್ಲ ಅಂತ ನಿರ್ಮಾಪಕರೇ ಹೊಡೆದುಹಾಕ್ತಿದ್ರು.

ವಾರ್ಡ್ ನಂ 12:
ಇಂಥ ಒಂದು ಕಂಪನಿಗೆ ನಾನು ಫೀಲ್ಡ್ ಕೆಲಸ ಮಾಡಿದ್ದೇನೆ, ಕರ್ನಾಟಕದಲ್ಲೇ. ಹೆಸರು ಬೇಡ. ಒಳಗಿನ ವಿಚಾರ ಒಂದಿಷ್ಟು ಹೇಳಬಹುದು.

ಟ್ಯಾಬ್ ಹಿಡಿದು ಮನೆಮನೆ ಸುತ್ತುವುದು, ಬೂತ್ ಮಟ್ಟದಲ್ಲಿ ಯಾವ ಜಾತಿ ಎಷ್ಟು ಮನೆ, ಹೋದ ಸಲ ಯಾರಿಗೆ ಹಾಕಿದ್ದರು, ಈಗ ಯಾವುದಕ್ಕೆ ಸಿಟ್ಟು, ಇದೆಲ್ಲ ತುಂಬಿಸುವುದು. ಕೆಲಸ ಶುರು ಮಾಡಿದಾಗ ನಿಜಕ್ಕೂ ಹೆಮ್ಮೆ ಇತ್ತು. ಶಾಸಕರ ಮನೆ ಜಗಲಿಯಲ್ಲಿ ಕೂರುವ ನಾಲ್ಕು ಜನರ ಮಾತು ಬಿಟ್ಟು ಯಾರೋ ಒಬ್ಬರು ಕೂಲಿ ಹೆಂಗಸನ್ನು ಕೇಳುತ್ತಿದ್ದಾರಲ್ಲ ಅಂತ. ಒಬ್ಬ ಅಜ್ಜಿ ನನ್ನ ಕೈ ಹಿಡಿದು, ನೀರಿನ ಟ್ಯಾಂಕ್ ಬಗ್ಗೆ ಬರ್ಕೋ ಮಗಾ, ಮೇಲಿನವ್ರಿಗೆ ಹೇಳು ಅಂದಳು. ಬರೆದುಕೊಂಡೆ. ಆ ಮಾತು ರಿಪೋರ್ಟಿನಲ್ಲಿ 'ಮೂಲಸೌಕರ್ಯ ಅಸಮಾಧಾನ' ಎಂಬ ಕಾಲಂನಲ್ಲಿ ಒಂದು ಅಂಕಿ ಆಯಿತು. ಅದನ್ನಿಟ್ಟುಕೊಂಡು ಎದುರು ಪಕ್ಷದವರನ್ನು ಬೈಯುವ ಪೋಸ್ಟರ್ ಆಯಿತು. ಟ್ಯಾಂಕ್ ಆಗಲಿಲ್ಲ.

ಡಾಕ್ಯುಮೆಂಟರಿಯಲ್ಲಿ ಆ ಗಾಜಿನ ಹಿಂದಿನ ದೃಶ್ಯಗಳು ಬಂದಾಗ ನನಗೆ ಆ ಅಜ್ಜಿಯ ಕೈಯೇ ನೆನಪಾಯಿತು. ಆ ಜನ ತಮ್ಮ ಹೊಟ್ಟೆಯ ಸಂಕಟ ಹೇಳಿಕೊಳ್ಳುತ್ತಿದ್ದಾರೆ. ಗಾಜಿನ ಈಚೆ ಕೂತವರು ಅದರಲ್ಲಿ ಯಾವ ಮಾತು ಜಾಹೀರಾತಿಗೆ ಆಗುತ್ತದೆ ಅಂತ ಹುಡುಕುತ್ತಿದ್ದಾರೆ. ಕೇಳಿಸಿಕೊಂಡದ್ದಕ್ಕೆ ಒಂದು ಋಣ ಇರುತ್ತದೆ ಅಂತ ನಾನು ನಂಬುತ್ತೇನೆ. ಧಾರವಾಡದ ಅಣ್ಣಾವ್ರೇ, ವಕೀಲನ ಹೋಲಿಕೆ ಇಲ್ಲಿ ಕೂಡುವುದಿಲ್ಲ. ವಕೀಲನಿಗೆ ಕಕ್ಷಿದಾರ ಒಬ್ಬನೇ. ಇಲ್ಲಿ ದುಡ್ಡು ಕೊಟ್ಟವನು ಒಬ್ಬ, ಮನಸ್ಸು ಬಿಚ್ಚಿದವರು ಸಾವಿರಾರು ಜನ.

ನಿಧಾನಿ:
ವಾರ್ಡ್ 12ರವರೇ, ತುಂಬಾ ಥ್ಯಾಂಕ್ಸ್. ನಾನು ಹೇಳಲು ತಡಕಾಡುತ್ತಿದ್ದದ್ದು ಇದನ್ನೇ.

ಧಾರವಾಡ ಪೇಡೆ:
ಅಜ್ಜಿ ಮಾತು ಕರುಳು ಹಿಂಡಿತು, ಖರೇ. ಆದ್ರ ನೀವು ಹೇಳಿದ್ದರಾಗೂ ಟ್ಯಾಂಕ್ ಕಟ್ಟಿಸಬೇಕಾದವ ಗೆದ್ದ ಶಾಸಕ. ಸರ್ವೆ ಮಾಡಿದವ ಅಲ್ಲ. ರೊಕ್ಕ ಇರೂದು ಸರ್ಕಾರದ ಕಡೆ.

ತುಂಗಾತೀರ:
2023ರ ವಿಧಾನಸಭೆ ಚುನಾವಣೆ ನೆನಪಿಸಿಕೊಳ್ಳಿ. ಕಾಂಗ್ರೆಸ್ಸಿಗೆ ಸುನೀಲ್ ಕನುಗೋಲು. 40 ಪರ್ಸೆಂಟ್, ಪೇಸಿಎಂ ಪೋಸ್ಟರ್, ಐದು ಗ್ಯಾರಂಟಿ. 135 ಸೀಟು ಬಂತು. ಆದರೆ ಅವರು ಗೆಲ್ಲಿಸಿ ವಿಮಾನ ಹತ್ತಲಿಲ್ಲ. ಮುಖ್ಯಮಂತ್ರಿಗಳ ಮುಖ್ಯ ಸಲಹೆಗಾರರಾಗಿ ಸಂಪುಟ ದರ್ಜೆಯಲ್ಲೇ ನೇಮಕವಾದರು. ಅದು ಸರಿಯೋ ತಪ್ಪೋ ಬೇರೆ ಚರ್ಚೆ. ಹೇಳಿದ ಮಾತಿನ ಜೊತೆ ಹೆಸರು ಅಂಟಿಕೊಂಡಿತು ತಾನೇ? ಶಕ್ತಿ ಬಸ್ಸು ನಿಂತರೆ ಜನ ಅವರನ್ನೂ ಕೇಳುತ್ತಾರೆ. ಬೊಲಿವಿಯಾದಲ್ಲಿ ಕೇಳೋಕೆ ಯಾರೂ ಉಳಿದಿರಲಿಲ್ಲ.

ಬಳ್ಳಾರಿ ಬಿಸಿಲು:
ಕನುಗೋಲು ನಮ್ಮ ಬಳ್ಳಾರಿ ಮೂಲದವರು ರೀ!

ಮಲೆನಾಡ ಮೇಷ್ಟ್ರು:
ತುಂಗಾತೀರ, ನನಗೆ ಅದರಲ್ಲೂ ಅಳುಕು ಇದೆ. ಮತ ಕೇಳದವರು, ಒಂದು ವಾರ್ಡಿನಲ್ಲೂ ನಿಂತು ಗೆಲ್ಲದವರು, ಸಂಪುಟ ದರ್ಜೆಯಲ್ಲಿ ಕೂರುವುದು. ಯಾವ ಪಕ್ಷವಾದರೂ ಸರಿ, ಇದು ನನಗೆ ಒಪ್ಪಿಗೆ ಇಲ್ಲ. ಬೂತಿನಲ್ಲಿ ಮೂವತ್ತು ವರ್ಷ ಬಾವುಟ ಕಟ್ಟಿದ ಕಾರ್ಯಕರ್ತ ಎಲ್ಲಿಗೆ ಹೋಗಬೇಕು?

ನಿರ್ವಾಹಕ:
ಕರ್ನಾಟಕದ ಪಕ್ಷ ರಾಜಕೀಯಕ್ಕೆ ಬೇರೆ ಚರ್ಚೆ ಇದೆ, ದಯವಿಟ್ಟು ಅಲ್ಲಿಗೆ ಹೋಗಿ. ಇಲ್ಲಿ ಸಿನಿಮಾ, ವಿದೇಶಿ ಚುನಾವಣೆ, ಕನ್ಸಲ್ಟಂಟರ ವಿಷಯ ಮುಂದುವರಿಯಲಿ.

ಬಳ್ಳಾರಿ ಬಿಸಿಲು:
ಸರಿ, ಬೊಲಿವಿಯಾಕ್ಕೇ ಬರ್ತೀನಿ. ನಮ್ಮ ತೋರಣಗಲ್ಲಿನ ಜಿಂದಾಲ್ ಅಲ್ಲಿ ಕಬ್ಬಿಣದ ಅದಿರು ತೆಗೆಯೋಕೆ ಹೋಗಿತ್ತಲ್ಲ, ಎಲ್ ಮುತೂನ್ ಅನ್ನೋ ಬೆಟ್ಟ. ಈವೊ ಮೊರಾಲೆಸ್ ಅಧ್ಯಕ್ಷ ಆದ ಮೇಲೆ 2007ರಲ್ಲಿ ಒಪ್ಪಂದ.

ಜರ್ಸಿ ಕನ್ನಡಿಗ:
ತೋರಣಗಲ್ಲಿನದು ಜೆಎಸ್‌ಡಬ್ಲ್ಯು, ಸಜ್ಜನ್ ಜಿಂದಾಲ್ ಅವರದು. ಬೊಲಿವಿಯಾಕ್ಕೆ ಹೋದದ್ದು ತಮ್ಮ ನವೀನ್ ಜಿಂದಾಲ್ ಅವರ ಜಿಂದಾಲ್ ಸ್ಟೀಲ್ ಅಂಡ್ ಪವರ್. 210 ಕೋಟಿ ಡಾಲರ್ ಹಾಕುವ ಮಾತಾಗಿತ್ತು. ಗ್ಯಾಸ್ ಪೂರೈಕೆ ಬಗ್ಗೆ ಜಗಳವಾಗಿ 2012ರಲ್ಲಿ ಕೈಬಿಟ್ಟು ಬಂದರು.

ಬಳ್ಳಾರಿ ಬಿಸಿಲು:
ಯಾವ ಜಿಂದಾಲ್ ಆದ್ರೂ ಗಲಾಟೆ ಮಾತ್ರ ಗ್ಯಾಸಿನದೇ ನೋಡಿ. ಗೋನಿ ಬಿದ್ದದ್ದೂ ಗ್ಯಾಸ್ ವಿಷಯಕ್ಕೇ ಅಲ್ವಾ?

ಮಲೆನಾಡ ಮೇಷ್ಟ್ರು:
ಹೌದು, ಆದರೆ ಬೀಳಲು ಶುರುವಾದದ್ದು ತೆರಿಗೆಯಿಂದ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಪ್ರಚಾರಕ್ಕೂ ಆಡಳಿತಕ್ಕೂ ನಡುವಿನ ಕಂದಕ ಇರುವುದು ಇಲ್ಲೇ.

ಪ್ರಚಾರದಲ್ಲಿ ಗೋನಿ ಹೇಳಿದ್ದು ಕೆಲಸ ಕೊಡುತ್ತೇನೆ, ಬಿಕ್ಕಟ್ಟು ನೀಗಿಸುತ್ತೇನೆ ಅಂತ. ಗೆದ್ದ ಮೇಲೆ ಖಜಾನೆ ಖಾಲಿ. ಐಎಂಎಫ್ ವಿತ್ತೀಯ ಕೊರತೆ ಇಳಿಸಿ ಎಂದಿತು. 2003ರ ಫೆಬ್ರವರಿಯಲ್ಲಿ ಸಂಬಳದ ಮೇಲೆ 12.5 ಶೇಕಡಾ ತೆರಿಗೆ ಘೋಷಣೆಯಾಯಿತು. ಶಿಕ್ಷಕರು, ಪೊಲೀಸರು ಎಲ್ಲರಿಗೂ ಬಿಸಿ ತಟ್ಟಿತು. ಸರ್ಕಾರದ ಕೇಂದ್ರವಾದ ಲಾ ಪಾಸ್‌ನಲ್ಲಿ ಪೊಲೀಸರೇ ದಂಗೆ ಎದ್ದರು. ಅಧ್ಯಕ್ಷರ ಅರಮನೆ ಮುಂದಿನ ಚೌಕದಲ್ಲಿ ಪೊಲೀಸರೂ ಸೈನಿಕರೂ ಪರಸ್ಪರ ಗುಂಡು ಹಾರಿಸಿಕೊಂಡರು. ಎರಡು ದಿನದಲ್ಲಿ 30ಕ್ಕೂ ಹೆಚ್ಚು ಸಾವು.

ಅಕ್ಟೋಬರಿನಲ್ಲಿ ಗ್ಯಾಸ್. ಬೊಲಿವಿಯಾದ ನೈಸರ್ಗಿಕ ಅನಿಲವನ್ನು ಚಿಲಿಯ ಬಂದರಿನ ಮೂಲಕ ಅಮೆರಿಕಕ್ಕೆ ಕಳಿಸುವ ಯೋಜನೆ. ಚಿಲಿ ಅಂದರೆ 19ನೇ ಶತಮಾನದ ಯುದ್ಧದಲ್ಲಿ ಬೊಲಿವಿಯಾದ ಸಮುದ್ರ ತೀರವನ್ನೇ ಕಿತ್ತುಕೊಂಡ ದೇಶ. ಆ ಗಾಯ ಅವರಿಗೆ ಇನ್ನೂ ಮಾಯ್ದಿಲ್ಲ. ಲಾ ಪಾಸ್‌ನ ಮೇಲೆ, 4,000 ಮೀಟರಿಗೂ ಎತ್ತರದಲ್ಲಿರುವ ಎಲ್ ಆಲ್ಟೊದಲ್ಲಿ ಅಲ್ಲಿನ ಮೂಲನಿವಾಸಿಗಳಾದ ಐಮಾರಾ ಜನ ರಸ್ತೆ ಮುಚ್ಚಿದರು. ಲಾ ಪಾಸ್‌ಗೆ ಇಂಧನ ಬರಲಿಲ್ಲ. ಸೈನ್ಯದ ಕಾವಲಿನಲ್ಲಿ ಟ್ಯಾಂಕರ್ ಸಾಗಿಸಲು ಹೋಗಿ ಗುಂಡು ಹಾರಿಸಿದರು. ಆ ಸೆಪ್ಟೆಂಬರ್, ಅಕ್ಟೋಬರಿನಲ್ಲಿ ಸತ್ತವರು 60ರ ಆಸುಪಾಸು. ಅಕ್ಟೋಬರ್ 17ಕ್ಕೆ ಗೋನಿ ದೇಶ ಬಿಟ್ಟರು.

22 ಶೇಕಡಾದ ಅಧ್ಯಕ್ಷ ಇಂಥ ಕಠಿಣ ನಿರ್ಧಾರ ತೆಗೆದುಕೊಂಡರೆ ಬೆನ್ನಿಗೆ ನಿಲ್ಲುವವರು ಯಾರು? ಬೆನ್ನಿಗೆ ಜನ ಇರುವಂತೆ ಮಾಡುವುದೇ ಪ್ರಚಾರದ ಕೆಲಸ. ಆ ಕೆಲಸ ನಡೆದಿರಲಿಲ್ಲ. ಕನ್ಸಲ್ಟಂಟರ ಪಾಲು ಇರುವುದು ಇಲ್ಲಿ ಎಂದು ನನ್ನ ವಾದ.

ಕುಡ್ಲದ ಪೊಣ್ಣು:
ಮೇಷ್ಟ್ರೇ, ಓದಿ ಹೊಟ್ಟೆಯೊಳಗೆ ಎಂತದೋ ಆಯಿತು. ಸತ್ತವರ ಮನೆಯವರಿಗೆ ನ್ಯಾಯ ಸಿಕ್ಕಿತಾ?

ಜರ್ಸಿ ಕನ್ನಡಿಗ:
ಅಮೆರಿಕದಲ್ಲೇ ಕೇಸ್ ಹಾಕಿದರು. ಗೋನಿ ಮತ್ತು ಆಗಿನ ರಕ್ಷಣಾ ಸಚಿವ ಕಾರ್ಲೋಸ್ ಸಾಂಚೆಸ್ ಬೆರ್ಸಾಯಿನ್ ಇಬ್ಬರ ಮೇಲೂ. ಗುಂಡೇಟಿಗೆ ಸತ್ತವರಲ್ಲಿ ಎಂಟು ವರ್ಷದ ಒಬ್ಬ ಹುಡುಗಿ ಇದ್ದಳು, ತನ್ನ ಮನೆಯೊಳಗೇ ಇದ್ದವಳು. ಅವಳ ತಂದೆತಾಯಿಯೂ ವಾದಿಗಳು. 2018ರಲ್ಲಿ ಫ್ಲೋರಿಡಾದ ಫೋರ್ಟ್ ಲಾಡರ್‌ಡೇಲ್‌ನಲ್ಲಿ ವಿಚಾರಣೆ. ಜ್ಯೂರಿ ಇಬ್ಬರನ್ನೂ ಹೊಣೆ ಮಾಡಿ ಒಂದು ಕೋಟಿ ಡಾಲರ್ ಪರಿಹಾರ ಎಂದಿತು. ಕೆಲವೇ ವಾರದಲ್ಲಿ ನ್ಯಾಯಾಧೀಶರು ಆ ತೀರ್ಪನ್ನು ಬದಿಗಿಟ್ಟರು. 2020ರಲ್ಲಿ ಮೇಲಿನ ಕೋರ್ಟು ಆ ಆದೇಶ ತಳ್ಳಿಹಾಕಿತು. ಹೀಗೆ ವರ್ಷಗಟ್ಟಲೆ ಎಳೆಯಿತು.

ಬೊಲಿವಿಯಾದ ಹಳ್ಳಿಯಿಂದ ಐಮಾರಾ ಮಾತಾಡುವ ಜನ ಅಲ್ಲಿಯವರೆಗೆ ಬಂದು, ತಮ್ಮ ಮಾಜಿ ಅಧ್ಯಕ್ಷನ ಎದುರು ಕೂತು ಸಾಕ್ಷಿ ಹೇಳಿದರು ನೋಡಿ, ಅದಕ್ಕೆ ನಾನು ತಲೆ ಬಾಗುತ್ತೇನೆ. ಇದರ ಬಗ್ಗೆ ಯಾರಾದರೂ ದೊಡ್ಡ ಸಿನಿಮಾ ಮಾಡಬೇಕು, ಸ್ಯಾಂಡ್ರಾ ಬುಲಕ್ ಇಲ್ಲದೆ.

ಸಿನಿಮಾ ಸಂತೆ:
ಒಪ್ಪಿದೆ.
ಇದೇ ಜಾತಿಯ ಇನ್ನೊಂದು ಸಿನಿಮಾ ಇದೆ, 'ಸ್ಪಿನ್ನಿಂಗ್ ಬೋರಿಸ್' (2003). ರೋಜರ್ ಸ್ಪಾಟಿಸ್‌ವುಡ್ ನಿರ್ದೇಶನ, ಜೆಫ್ ಗೋಲ್ಡ್‌ಬ್ಲಮ್, ಲೀವ್ ಶ್ರೈಬರ್ ಎಲ್ಲ ಇದ್ದಾರೆ. 1996ರಲ್ಲಿ ರಷ್ಯಾ ಅಧ್ಯಕ್ಷ ಯೆಲ್ತ್ಸಿನ್‌ನ ಮತ್ತೆ ಗೆಲ್ಲಿಸೋಕೆ ಮೂವರು ಅಮೆರಿಕನ್ನರು ಮಾಸ್ಕೋದ ಪ್ರೆಸಿಡೆಂಟ್ ಹೋಟೆಲ್‌ನಲ್ಲಿ ಗುಟ್ಟಾಗಿ ಕೂತಿದ್ದ ಕಥೆ. ನಿಜ ಘಟನೆ. ಮಗಳು ತತ್ಯಾನಾ ಮೂಲಕ ಅಪ್ಪನಿಗೆ ಸಲಹೆ ಹೋಗ್ತಿತ್ತು. ಚುನಾವಣೆ ಮುಗಿದ ಕೂಡಲೇ ಟೈಮ್ ಪತ್ರಿಕೆ ಮುಖಪುಟದಲ್ಲೇ ಇದನ್ನ ಹಾಕ್ತು.

ತುಂಗಾತೀರ:
ಆ ಮೂವರು ತಮ್ಮ ಪಾತ್ರವನ್ನು ಊದಿ ಹೇಳಿಕೊಂಡರು ಅಂತ ನನ್ನ ಅನುಮಾನ. ಯೆಲ್ತ್ಸಿನ್ ಗೆದ್ದದ್ದು ಟಿವಿ ಚಾನೆಲ್‌ಗಳೆಲ್ಲ ಒಂದೇ ಕಡೆ ನಿಂತದ್ದರಿಂದ, ದೊಡ್ಡ ಉದ್ಯಮಿಗಳ ದುಡ್ಡಿನಿಂದ. ಎರಡು ಸುತ್ತಿನ ನಡುವೆ ಹೃದಯಾಘಾತ ಆದದ್ದನ್ನೂ ಜನರಿಂದ ಮುಚ್ಚಿಟ್ಟರು. ಮೂರನೇ ಸ್ಥಾನ ಬಂದ ಜನರಲ್ ಲೆಬೆದ್‌ನನ್ನು ರಷ್ಯಾದ ಭದ್ರತಾ ಮಂಡಳಿಗೆ ಸೇರಿಸಿಕೊಂಡು ಅವನ ಮತ ಎಳೆದುಕೊಂಡರು. ಇದಕ್ಕೆಲ್ಲ ಅಮೆರಿಕದವರೇ ಬೇಕಾ?

ಧಾರವಾಡ ಪೇಡೆ:
ಹಾಂ, ಈಗ ಬಂದ್ರಿ ನನ್ನ ದಾರಿಗೆ! ಕನ್ಸಲ್ಟಂಟ್ ಅಷ್ಟೇನೂ ಮಾಡಂಗಿಲ್ಲ ಅಂದ ಮ್ಯಾಲೆ ಅವರಿಗೆ ಅಷ್ಟು ಪಾಪ ಯಾಕ ಹೊರಿಸ್ತೀರಿ? ಗೆದ್ದಾಗ ಅವರ ಕೈವಾಡ ಸಣ್ಣದು, ರಕ್ತ ಹರಿದಾಗ ದೊಡ್ಡದು, ಇದು ಹ್ಯಾಂಗ ಆಗ್ತದ?

ಇನ್ನೊಂದು ಕೇಳ್ರಿ. ಪೆರುದಾಗ 1990ರ ಚುನಾವಣೆ. ಕಾದಂಬರಿಕಾರ ಮಾರಿಯೊ ವರ್ಗಾಸ್ ಯೋಸಾ ನಿಂತಿದ್ರು. ಅವರಿಗೂ ಅಮೆರಿಕದ ಕಂಪನಿ ಇತ್ತು, ಸಾಯರ್ ಮಿಲ್ಲರ್ ಅಂತ. ಆದ್ರ ಯೋಸಾ ಹಟಮಾರಿ. ಆರ್ಥಿಕತೆ ಸುಧಾರಿಸಬೇಕಂದ್ರ ಕಹಿ ಔಷಧ ಕುಡೀಬೇಕಾಗ್ತದ ಅಂತ ಜನರ ಮುಂದ ಮುಚ್ಚುಮರೆ ಇಲ್ಲದ ಹೇಳಿದ್ರು. ಎದುರಿಗಿದ್ದ ಫುಜಿಮೊರಿ ಅಂಥದ್ದೇನೂ ಮಾಡಂಗಿಲ್ಲ ಅಂದ. ಜನ ಫುಜಿಮೊರಿನ್ನ ದೊಡ್ಡ ಅಂತರದಾಗ ಗೆಲ್ಲಿಸಿದ್ರು. ಗೆದ್ದು ಎರಡು ವಾರಕ್ಕ... ಅಧಿಕಾರ ಹಿಡಿದ ಎರಡು ವಾರದಾಗ ಅಂತ ಓದ್ಕೊಳ್ರಿ, ಅದೇ ಕಹಿ ಔಷಧ ಅವನೇ ಕುಡಿಸಿದ! ಖರೇ ಹೇಳಿದವ ಸೋತ, ಸುಳ್ಳು ಹೇಳಿದವ ಹತ್ತು ವರ್ಷ ಆಳಿದ. ಹಿಂಗಿದ್ದಾಗ ಕನ್ಸಲ್ಟಂಟ್ ಬಂದು, ಸಾಹೇಬ್ರ ಖರೇ ಹೇಳಬ್ಯಾಡ್ರಿ ಅಂದ್ರ ಅವನ ಮ್ಯಾಲೆ ಸಿಟ್ಟಾಗೂದು ಹ್ಯಾಂಗ?

ನಿಧಾನಿ:
ಪೇಡೆಯವರೇ, ಈ ಉದಾಹರಣೆ ನಿಜಕ್ಕೂ ಗಟ್ಟಿ ಇದೆ. ಆದರೆ ಫುಜಿಮೊರಿ ಹತ್ತು ವರ್ಷ ಆಳಿದ್ದು ಹೇಗೆ ಅಂತಲೂ ಹೇಳಿ. 1992ರಲ್ಲಿ ಸಂಸತ್ತನ್ನೇ ಮುಚ್ಚಿಸಿದ, ಸೈನ್ಯ ಇಟ್ಟುಕೊಂಡು ಆಳಿದ, 2000ದಲ್ಲಿ ಜಪಾನಿಗೆ ಓಡಿಹೋಗಿ ಅಲ್ಲಿಂದ ರಾಜೀನಾಮೆ ಕಳಿಸಿದ, ಕೊನೆಗೆ ಜೈಲು. ಮುಚ್ಚಿಟ್ಟು ಗೆದ್ದವನು ಬೆದರಿಸಿಯೇ ಆಳಬೇಕಾಯಿತು. ಗೋನಿ ಗುಂಡು ಹಾರಿಸಿದ್ದಕ್ಕೂ ಇದಕ್ಕೂ ಸಂಬಂಧವೇ ಇಲ್ಲ ಅನ್ನುತ್ತೀರಾ?

ವಾರ್ಡ್ ನಂ 12:
ನಿಧಾನಿಯವರ ಮಾತಿಗೆ ನನ್ನದೂ ಒಂದು. ಡಾಕ್ಯುಮೆಂಟರಿಯಲ್ಲಿ ಗೋನಿ ಯಾರ ಮಾತೂ ಕೇಳುವುದಿಲ್ಲ, ಸಲಹೆಗಾರರ ಜೊತೆಗೇ ಜಗಳ ಆಡುತ್ತಾರೆ. ಅವರಿಗೆ ತಾನೇ ಸರಿ ಎಂಬ ನಂಬಿಕೆ. ಇಂಥವರು ಆಳಲು ತಕ್ಕವರಲ್ಲ ಅಂತ ಅತಿ ಹತ್ತಿರದಿಂದ ಕಂಡವರು ಈ ಕನ್ಸಲ್ಟಂಟರೇ. ಮತದಾರರಿಗೆ ಅದು ಕಾಣದ ಹಾಗೆ ನೋಡಿಕೊಳ್ಳುವುದಕ್ಕೇ ಅವರಿಗೆ ಸಂಬಳ. ಪೇಡೆಯಣ್ಣಾ, ಕೈವಾಡ ಸಣ್ಣದೋ ದೊಡ್ಡದೋ ನನಗೆ ಬೇಡ. ಕಂಡದ್ದನ್ನು ಮುಚ್ಚಿದರಲ್ಲ, ಅದು ನನಗೆ ಆಗುವುದಿಲ್ಲ.

ಕುಡ್ಲದ ಪೊಣ್ಣು:
ಚಿಲಿಯ 'ನೋ' ಸಿನಿಮಾ ಯಾರೂ ಹೇಳಲಿಲ್ಲ ಅಲ್ವಾ? ಪಾಬ್ಲೊ ಲಾರೇನ್ ಅವರದ್ದು, 2012. ಪಿನೋಶೆ ಇರಬೇಕಾ ಬೇಡವಾ ಅಂತ 1988ರಲ್ಲಿ ನಡೆದ ಮತದಾನ. ಜಾಹೀರಾತಿನ ಹುಡುಗರು ದಿನಕ್ಕೆ ಹದಿನೈದು ನಿಮಿಷ ಸಿಕ್ಕ ಟಿವಿ ಸಮಯದಲ್ಲಿ ಸಂತೋಷದ ಹಾಡು ಹಾಕಿ ಸರ್ವಾಧಿಕಾರಿಯನ್ನು ಇಳಿಸಿಬಿಟ್ಟರು. ಅದು ಭಯ ಮಾರಿದ್ದಲ್ಲ. ಅದೇ ವಿದ್ಯೆ, ಒಳ್ಳೆಯದಕ್ಕೂ ಆಗ್ತದೆ.

ಮಲೆನಾಡ ಮೇಷ್ಟ್ರು:
ಒಳ್ಳೆಯ ಸಿನಿಮಾ. ಆದರೆ ಚಿಲಿಯಲ್ಲೇ ಅದಕ್ಕೆ ಆಕ್ಷೇಪ ಬಂತು. ಹಳ್ಳಿಹಳ್ಳಿಯಲ್ಲಿ ಪ್ರಾಣಭಯದ ನಡುವೆ ಜನರನ್ನು ಮತದಾರರ ಪಟ್ಟಿಗೆ ಸೇರಿಸಿದವರ ಶ್ರಮ ಬಿಟ್ಟು, ಗೆಲುವನ್ನೆಲ್ಲ ಜಾಹೀರಾತಿನವರಿಗೆ ಕೊಟ್ಟುಬಿಟ್ಟಿದ್ದಾರೆ ಅಂತ. ಈ ಥರದ ಸಿನಿಮಾಗಳ ದೊಡ್ಡ ದೋಷ ಅದೇ. ಕ್ಯಾಮೆರಾ ಯಾವಾಗಲೂ ಕೋಣೆಯೊಳಗೆ ಇರುತ್ತದೆ.

ತುಂಗಾತೀರ:
ಬಾಯ್ಂಟನ್ ಆ ವಿಷಯದಲ್ಲಿ ಪರವಾಗಿಲ್ಲ, ಬೀದಿಗೂ ಹೋಗುತ್ತಾರೆ. ಆದರೆ ಈವೊ ಮೊರಾಲೆಸ್ ಬಗ್ಗೆ ಇನ್ನಷ್ಟು ಬೇಕಿತ್ತು. 2002ರ ಜನವರಿಯಲ್ಲಿ ಸಂಸತ್ತಿನಿಂದ ಹೊರಹಾಕಿಸಿಕೊಂಡ ಮನುಷ್ಯ ಜೂನ್‌ನಲ್ಲಿ ಎರಡನೇ ಸ್ಥಾನ, 2005ರ ಡಿಸೆಂಬರಿನಲ್ಲಿ ಅರ್ಧಕ್ಕಿಂತ ಹೆಚ್ಚು ಮತ ಪಡೆದು ಅಧ್ಯಕ್ಷ. ರೈತ ಸಂಘ, ಕೋಕಾ ಬೆಳೆಗಾರರ ಒಕ್ಕೂಟ, ಇವೇ ಅವರ ಕನ್ಸಲ್ಟಂಟು.

ಬಳ್ಳಾರಿ ಬಿಸಿಲು:
ಅದೇ ಈವೊ ಆಮೇಲೆ ಕುರ್ಚಿ ಬಿಡಲಿಲ್ಲವಲ್ಲ. ಜನಮತಗಣನೆಯಲ್ಲಿ ಜನ ಬೇಡ ಅಂದ್ರೂ 2019ರಲ್ಲಿ ಮತ್ತೆ ನಿಂತ್ರು. ಬಹಳ ಮೇಲೆ ಕೂರಿಸಬೇಡಿ.

ಜರ್ಸಿ ಕನ್ನಡಿಗ:
ಈಗಿನ ಸ್ಥಿತಿ ಹೇಳುತ್ತೇನೆ. 2009ರ ಹೊಸ ಸಂವಿಧಾನದಲ್ಲಿ ಸಂಸತ್ತು ಅಧ್ಯಕ್ಷರನ್ನು ಆರಿಸುವ ಪದ್ಧತಿ ತೆಗೆದು ಎರಡನೇ ಸುತ್ತಿನ ಮತದಾನ ತಂದರು. ಅದು ಮೊದಲ ಸಲ ಬಳಕೆಗೆ ಬಂದದ್ದು 2025ರ ಅಕ್ಟೋಬರಿನಲ್ಲಿ. ಗೆದ್ದವರು ರೊಡ್ರಿಗೊ ಪಾಸ್, 2002ರಲ್ಲಿ ಗೋನಿಯ ಕೈ ಹಿಡಿದ ಹೈಮೆ ಪಾಸ್ ಸಮೋರಾ ಅವರ ಮಗ. ಕೆಸರು ಎರಚಿಸಿಕೊಂಡ ಮ್ಯಾನ್‌ಫ್ರೆಡ್ 2021ರಲ್ಲಿ ಮತ್ತೆ ಕೊಚಬಂಬಾದ ಮೇಯರ್ ಆದರು, 2025ರಲ್ಲಿ ಅಧ್ಯಕ್ಷ ಸ್ಥಾನಕ್ಕೂ ನಿಂತು ಸೋತರು.

ಧಾರವಾಡ ಪೇಡೆ:
ಎಲ್ಲಾರೂ ಅದೇ ಮಂದಿ! ಕನ್ಸಲ್ಟಂಟ್ ಅಷ್ಟೇ ಬದಲಿ ಆಗ್ತಾರ.
ನನ್ನ ವಾದ ನಾ ಬಿಡಂಗಿಲ್ಲ, ಆದ್ರ ವಾರ್ಡ್ 12ರವರ ಆ 'ಕಂಡದ್ದನ್ನು ಮುಚ್ಚಿದರು' ಅನ್ನೂ ಮಾತಿಗೆ ಉತ್ತರ ಕೊಡಬೇಕಂದ್ರ ಡಾಕ್ಯುಮೆಂಟರಿ ಪೂರ್ತಿ ನೋಡಬೇಕು. ಎಲ್ಲಿ ಸಿಗ್ತದ?

ನಿಧಾನಿ:
ನನಗೆ ಹಳೆಯ ಡಿವಿಡಿ ಸಿಕ್ಕಿತ್ತು. ಇಂಗ್ಲಿಷ್ ಸಬ್‌ಟೈಟಲ್ ಇದೆ. ಧಾರವಾಡಕ್ಕೆ ಬರುವ ಗೆಳೆಯರಿದ್ದಾರೆ, ಕಳಿಸುತ್ತೇನೆ, ಮೆಸೇಜ್ ಮಾಡಿ. ನೋಡಿದ ಮೇಲೆ ಇಲ್ಲೇ ಬಂದು ಜಗಳ ಮುಂದುವರಿಸಬೇಕು, ಅದು ಷರತ್ತು.

ಧಾರವಾಡ ಪೇಡೆ:
ಮಾಡ್ತೀನ್ರಿ. ಅಷ್ಟರಾಗ ಮೇಷ್ಟ್ರು ಆ ಚಿಲಿ ಯುದ್ಧದ ಬಗ್ಗೆ ಬೇರೆ ಚರ್ಚೆ ಶುರು ಮಾಡಲಿ, ಸಮುದ್ರ ಕಳ್ಕೊಂಡ ಕಥಿ ನನಗ ಪೂರಾ ಬೇಕು.

ಮಲೆನಾಡ ಮೇಷ್ಟ್ರು:
ಭಾನುವಾರ ಬರೆಯುತ್ತೇನೆ. 1879ರಿಂದ ಶುರು ಮಾಡಬೇಕು, ಉದ್ದ ಆಗ್ತದೆ.